ಕೆಟ್ಟ ಅಂತರ್ಜಲ, ವಿಷ ಸೇರಿದ ಮಣ್ಣು: ಶುದ್ಧ ಮಾಡಿಸುವುದು ಯಾರ ಹೊಣೆ, ಹೇಗೆ?

ಕೊಳವೆಬಾವಿಯ ನೀರು ಹಳದಿಗೆ ತಿರುಗಿದೆ. ಇಲ್ಲವೇ ನೀರಿಗೆ ಪೆಟ್ರೋಲ್ ವಾಸನೆ ಬಂದಿದೆ. ಕಾರ್ಖಾನೆಯ ಹಿಂದಿನ ಹೊಲದಲ್ಲಿ ಒಂದಷ್ಟು ಜಾಗದಲ್ಲಿ ಹುಲ್ಲು ಕೂಡ ಹುಟ್ಟುತ್ತಿಲ್ಲ. ಇಂಥ ಹೊತ್ತಿನಲ್ಲಿ ನಾವು ಸಾಮಾನ್ಯವಾಗಿ ಎರಡು ಕೆಲಸ ಮಾಡುತ್ತೇವೆ. ಟ್ಯಾಂಕರ್ ತರಿಸುತ್ತೇವೆ, ಅಥವಾ ಇನ್ನೊಂದು ಬೋರ್ ಕೊರೆಸುತ್ತೇವೆ. ಎರಡಕ್ಕೂ ದುಡ್ಡು ನಮ್ಮದೇ. ಮಣ್ಣನ್ನೂ ನೀರನ್ನೂ ಕೆಡಿಸಿದವರಿಂದಲೇ ಅದನ್ನು ಶುದ್ಧ ಮಾಡಿಸುವುದಕ್ಕೆ ದೇಶದಲ್ಲಿ ನಿಯಮ ಇದೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಆ ನಿಯಮ ಏನು, ಹೇಗೆ ನಡೆಯುತ್ತದೆ, ಅದರಲ್ಲಿ ನಿಮ್ಮ ಪಾಲಿನ ಕೆಲಸ ಯಾವುದು ಎಂಬುದನ್ನು ಒಂದೊಂದಾಗಿ ನೋಡೋಣ.

ಏನಿದು ನಿಯಮ?

ಹೆಸರು ಸ್ವಲ್ಪ ಉದ್ದ: ‘ಪರಿಸರ ಸಂರಕ್ಷಣೆ (ಕಲುಷಿತ ಸ್ಥಳಗಳ ನಿರ್ವಹಣೆ) ನಿಯಮಗಳು, 2025’. ಕೇಂದ್ರ ಪರಿಸರ ಸಚಿವಾಲಯ 2025ರ ಜುಲೈನಲ್ಲಿ ಇದನ್ನು ಹೊರಡಿಸಿತು. 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ಬಂದ ನಿಯಮ ಇದು.

ಇದಕ್ಕೆ ಮುಂಚೆ ಕಾನೂನೇ ಇರಲಿಲ್ಲವೇ? ಇತ್ತು. 1974ರ ಜಲ ಕಾಯ್ದೆ ಕೊಳಕು ನೀರನ್ನು ಹಳ್ಳಕ್ಕೆ, ಬಾವಿಗೆ, ನೆಲಕ್ಕೆ ಬಿಡುವುದನ್ನು ತಡೆಯುತ್ತದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು ಕಾರ್ಖಾನೆಯ ವಿಷ ತ್ಯಾಜ್ಯವನ್ನು ಎಲ್ಲಿಗೆ ಕಳಿಸಬೇಕೆಂದು ಹೇಳುತ್ತವೆ. ಆದರೆ ಇಪ್ಪತ್ತು ವರ್ಷದ ಹಿಂದೆ ಸುರಿದುಹೋದ ವಿಷ ಈಗಲೂ ನೆಲದಡಿಯಲ್ಲಿ ಹರಡುತ್ತಿದ್ದರೆ ಅದನ್ನು ಯಾರು ಅಳೆಯಬೇಕು, ಎಷ್ಟು ದಿನದಲ್ಲಿ ಅಳೆಯಬೇಕು, ಯಾರ ಖರ್ಚಿನಲ್ಲಿ ತೆಗೆಸಬೇಕು? ಇದಕ್ಕೆ ಕ್ರಮಬದ್ಧವಾದ ದಾರಿ ಇರಲಿಲ್ಲ. ಹೊಸ ನಿಯಮ ಬರುವ ಹೊತ್ತಿಗೆ ದೇಶದಲ್ಲಿ ಗುರುತಿಸಿದ್ದ ಕಲುಷಿತ ಸ್ಥಳಗಳು 103. ಶುದ್ಧೀಕರಣ ಶುರುವಾಗಿದ್ದದ್ದು ಅವುಗಳಲ್ಲಿ ಏಳರಲ್ಲಿ ಮಾತ್ರ.

ಯಾವ ಜಾಗಕ್ಕೆ ಅನ್ವಯ, ಯಾವುದಕ್ಕೆ ಅಲ್ಲ?

ಹಿಂದೆ ಅಪಾಯಕಾರಿ ತ್ಯಾಜ್ಯ ಸುರಿದ, ಹೂತ ಅಥವಾ ಸೋರಿದ ಕಾರಣಕ್ಕೆ ಮಣ್ಣು, ಅಂತರ್ಜಲ, ಹಳ್ಳ ಕೊಳ್ಳದ ನೀರು ಕೆಟ್ಟು ಜನರಿಗೂ ಪರಿಸರಕ್ಕೂ ತೊಂದರೆಯಾಗುವಂತಿದ್ದರೆ ಅದು ಕಲುಷಿತ ಸ್ಥಳ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶ ನಮಗೆ ಹತ್ತಿರದ ಉದಾಹರಣೆ. ಅಲ್ಲಿ ಲೋಹಕ್ಕೆ ಹೊಳಪಿನ ಲೇಪ ಕೊಡುವ ಎಲೆಕ್ಟ್ರೋಪ್ಲೇಟಿಂಗ್ ಘಟಕಗಳು ಬಹಳ. ಅಲ್ಲಿನ ಅಂತರ್ಜಲದಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಇರುವುದು ಕೇಂದ್ರ ಅಂತರ್ಜಲ ಮಂಡಳಿಯ ಅಧ್ಯಯನದಲ್ಲಿ ಕಂಡುಬಂದಿದೆ. ಕ್ರೋಮಿಯಂ ಲೋಹ ನೀರಿನಲ್ಲಿ ಸುಲಭವಾಗಿ ಕರಗಿ ಹರಿಯುವ ರೂಪ ಇದು. ಕ್ಯಾನ್ಸರ್ ತರಬಲ್ಲದು.

ನಾಲ್ಕು ಬಗೆಯ ಮಾಲಿನ್ಯವನ್ನು ಈ ನಿಯಮ ಹೊರಗಿಟ್ಟಿದೆ. ವಿಕಿರಣ ತ್ಯಾಜ್ಯ, ಗಣಿಗಾರಿಕೆಯಿಂದಾದ ಮಾಲಿನ್ಯ, ಸಮುದ್ರಕ್ಕೆ ಚೆಲ್ಲಿದ ಎಣ್ಣೆ ಮತ್ತು ಘನತ್ಯಾಜ್ಯದ ಕಸದ ರಾಶಿ. ಇವಕ್ಕೆ ಬೇರೆ ಕಾನೂನುಗಳಿವೆ. ಹಾಗಾಗಿ ಕೆಜಿಎಫ್‌ನ ಸೈನೈಡ್ ದಿಬ್ಬಗಳಾಗಲಿ, ಮಾವಳ್ಳಿಪುರದ ಕಸದ ರಾಶಿಯಾಗಲಿ ನೇರವಾಗಿ ಈ ನಿಯಮದಡಿ ಬರುವುದಿಲ್ಲ. ಆದರೆ ಇಂಥ ಜಾಗದಲ್ಲಿ ಬೇರೆ ಅಪಾಯಕಾರಿ ರಾಸಾಯನಿಕವೂ ಬೆರೆತು ಮಿತಿ ಮೀರಿದ್ದರೆ ಆಗ ಈ ನಿಯಮವೂ ಲಾಗುವಾಗುತ್ತದೆ.

ಇನ್ನೊಂದು ವ್ಯತ್ಯಾಸ ತಿಳಿದಿರಲಿ. ಪಾವಗಡ, ಕೋಲಾರದ ಕಡೆಯ ನೀರಿನಲ್ಲಿರುವ ಫ್ಲೋರೈಡ್ ಬಹುಪಾಲು ಬಂಡೆಯಿಂದಲೇ ಕರಗಿ ಬಂದದ್ದು. ಅದನ್ನು ಯಾರೂ ತಂದು ಸುರಿದದ್ದಲ್ಲ. ಆ ತೊಂದರೆಗೆ ಪರಿಹಾರ ಕುಡಿಯುವ ನೀರಿನ ಯೋಜನೆಗಳಲ್ಲಿದೆ, ಈ ನಿಯಮದಲ್ಲಿ ಅಲ್ಲ.

ನೆಲದಡಿಯಲ್ಲಿ ಏನಾಗುತ್ತದೆ?

ಸೋರಿದ ರಾಸಾಯನಿಕ ಮೊದಲು ಮೇಲ್ಮಣ್ಣಿಗೆ ಅಂಟಿಕೊಳ್ಳುತ್ತದೆ. ಪ್ರತಿ ಮಳೆಗೂ ಸ್ವಲ್ಪ ಸ್ವಲ್ಪ ಕರಗಿ ಕೆಳಗೆ ಇಳಿಯುತ್ತದೆ. ಅಂತರ್ಜಲ ಮುಟ್ಟಿದ ಮೇಲೆ ನೀರು ಹರಿಯುವ ದಿಕ್ಕಿನಲ್ಲಿ ಬಾಲದಂತೆ ಉದ್ದಕ್ಕೆ ಹಬ್ಬುತ್ತದೆ. ತಜ್ಞರು ಇದನ್ನು ‘ಪ್ಲೂಮ್’ ಎನ್ನುತ್ತಾರೆ.

ಕರ್ನಾಟಕದ ಹೆಚ್ಚಿನ ಭಾಗ ಗಟ್ಟಿ ಬಂಡೆಯ ನೆಲ. ಇಲ್ಲಿ ಆಳದ ನೀರು ಬಂಡೆಯ ಬಿರುಕುಗಳಲ್ಲಿ ಓಡಾಡುತ್ತದೆ. ಆದ್ದರಿಂದ ಕಾರ್ಖಾನೆಯ ಪಕ್ಕದ ಬೋರ್ ಚೆನ್ನಾಗಿದ್ದು, ದೂರದ ಬೋರ್ ಕೆಟ್ಟಿರಬಹುದು. ‘ಪಕ್ಕದವರ ನೀರು ಸರಿ ಇದೆಯಲ್ಲ’ ಎಂಬ ಮಾತನ್ನು ನಂಬಿ ಸುಮ್ಮನಾಗಬೇಡಿ.

ಎಲ್ಲ ರಾಸಾಯನಿಕವೂ ಒಂದೇ ರೀತಿ ನಡೆದುಕೊಳ್ಳುವುದಿಲ್ಲ. ಪೆಟ್ರೋಲ್, ಡೀಸೆಲ್ ನೀರಿಗಿಂತ ಹಗುರ. ಅವು ಅಂತರ್ಜಲದ ಮೇಲೆ ತೇಲುತ್ತವೆ. ಯಂತ್ರದ ಬಿಡಿಭಾಗಗಳ ಜಿಡ್ಡು ತೆಗೆಯಲು ಬಳಸುವ ಟ್ರೈಕ್ಲೋರೋಎಥಿಲೀನ್‌ನಂಥ ದ್ರಾವಕಗಳು ನೀರಿಗಿಂತ ಭಾರ. ಅವು ತಳಕ್ಕೆ ಇಳಿದು ಬಿರುಕುಗಳಲ್ಲಿ ಕೂತುಬಿಡುತ್ತವೆ. ಸೀಸ ಬಹುಪಾಲು ಮಣ್ಣಿಗೇ ಅಂಟಿಕೊಂಡಿರುತ್ತದೆ. ಹಾಗಾಗಿ ಎಲ್ಲಿ, ಯಾವ ಆಳದಲ್ಲಿ, ಏನನ್ನು ಹುಡುಕಬೇಕು ಎಂಬುದು ಬಿದ್ದಿರುವ ವಿಷ ಯಾವುದು ಎಂಬುದರ ಮೇಲೆ ನಿಂತಿದೆ.

ನಿಯಮ ಹೇಳುವ ಹೆಜ್ಜೆಗಳು

ಮೊದಲ ಹೆಜ್ಜೆ ಶಂಕಿತ ಸ್ಥಳದ ಪಟ್ಟಿ. ಇದು ಸ್ಥಳೀಯ ಸಂಸ್ಥೆಯ ಮತ್ತು ಜಿಲ್ಲಾಡಳಿತದ ಕೆಲಸ. ತಾವಾಗಿಯೇ ಗುರುತಿಸಬಹುದು, ಜನರ ದೂರಿನ ಮೇಲೂ ಗುರುತಿಸಬಹುದು. ಆರು ತಿಂಗಳಿಗೊಮ್ಮೆ ಈ ಪಟ್ಟಿಯನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕಳಿಸಬೇಕು.

ಎರಡನೆಯದು ಪ್ರಾಥಮಿಕ ತಪಾಸಣೆ. ಪಟ್ಟಿ ಕೈಸೇರಿದ 90 ದಿನಗಳೊಳಗೆ ಮಂಡಳಿ ಇದನ್ನು ಮಾಡಬೇಕು. ಜಾಗದ ಹಳೆಯ ಇತಿಹಾಸ ತೆಗೆಯುತ್ತಾರೆ. ಮಣ್ಣಿನ, ನೀರಿನ ಮಾದರಿ ಪರೀಕ್ಷಿಸುತ್ತಾರೆ.

ಮೂರನೆಯದು ವಿವರವಾದ ಸಮೀಕ್ಷೆ. ಅದಕ್ಕೆ ಇನ್ನು ಮೂರು ತಿಂಗಳು. ಅಪಾಯಕಾರಿ ಎಂದು ಪಟ್ಟಿ ಮಾಡಿರುವ 189 ರಾಸಾಯನಿಕಗಳಲ್ಲಿ ಇಲ್ಲಿ ಯಾವುದು ಎಷ್ಟಿದೆ ಎಂದು ಅಳೆಯುತ್ತಾರೆ. ಪ್ರತಿಯೊಂದಕ್ಕೂ ‘ರೆಸ್ಪಾನ್ಸ್ ಲೆವೆಲ್’ ಎಂಬ ಮಿತಿ ಇದೆ. ಅಂದರೆ ಇದನ್ನು ದಾಟಿದರೆ ಕ್ರಮ ಕೈಗೊಳ್ಳಲೇಬೇಕು ಎಂಬ ಗೆರೆ. ಆ ಗೆರೆ ದಾಟಿದ ಜಾಗ ಕಲುಷಿತ ಸ್ಥಳ.

ನಾಲ್ಕನೆಯದು ಪ್ರಕಟಣೆ. ಸ್ಥಳದ ವಿವರ ಸರ್ಕಾರದ ಪೋರ್ಟಲ್‌ಗೆ ಬರುತ್ತದೆ. ಸುತ್ತಲಿನವರು ತಮ್ಮ ಅಭಿಪ್ರಾಯ, ಆಕ್ಷೇಪಣೆ ಹೇಳಲು 60 ದಿನಗಳ ಅವಕಾಶ. ಜಾಗದೊಳಗೆ ಓಡಾಟಕ್ಕೂ ನಿರ್ಬಂಧ ಹಾಕುತ್ತಾರೆ.

ಐದನೆಯದು ಹೊಣೆಗಾರನ ಪತ್ತೆ. ಜಾಗ ಕೆಡಿಸಿದ್ದು ಯಾರು ಎಂದು ಮಂಡಳಿ 90 ದಿನಗಳಲ್ಲಿ ಗುರುತಿಸಬೇಕು.

ಆರನೆಯದು ಶುದ್ಧೀಕರಣದ ಯೋಜನೆ. ಇದನ್ನು ‘ರೆಫರೆನ್ಸ್ ಆರ್ಗನೈಸೇಷನ್’ ಎನ್ನುವ ಪರಿಣತ ಸಂಸ್ಥೆ ರೂಪಿಸುತ್ತದೆ. ಯಾವ ವಿಧಾನ, ಎಷ್ಟು ಆಳ, ಎಲ್ಲಿಯವರೆಗೆ ಎಂಬುದೆಲ್ಲ ಅದರಲ್ಲಿರಬೇಕು.

ನಿಯಮದ ಒಂದು ದೊಡ್ಡ ಕೊರತೆಯನ್ನೂ ಇಲ್ಲೇ ಹೇಳಬೇಕು. ತಪಾಸಣೆಗೆ ದಿನಗಳ ಲೆಕ್ಕ ಇದೆ. ಆದರೆ ಶುದ್ಧೀಕರಣ ಇಂಥ ದಿನದೊಳಗೆ ಮುಗಿಯಲೇಬೇಕು ಎಂಬ ಗಡುವು ಇಲ್ಲ. ಅದಕ್ಕೇ ಯೋಜನೆ ಸಿದ್ಧವಾಗುವಾಗಲೇ, ಪ್ರತಿ ಹಂತ ಯಾವಾಗ ಮುಗಿಯುತ್ತದೆ ಎಂದು ಊರಿನವರು ಬರವಣಿಗೆಯಲ್ಲಿ ಕೇಳಬೇಕು.

ಈಗ ಮೊದಲ ಹೆಜ್ಜೆಯನ್ನು ಇನ್ನೊಮ್ಮೆ ನೋಡಿ. ಆ 90 ದಿನಗಳ ಎಣಿಕೆ ಶುರುವಾಗುವುದು ಪಟ್ಟಿ ಮಂಡಳಿಗೆ ತಲುಪಿದ ಮೇಲೆ. ಪಟ್ಟಿಗೆ ನಿಮ್ಮ ಊರಿನ ಹೆಸರು ಸೇರದಿದ್ದರೆ ಮುಂದಿನ ಯಾವ ಹೆಜ್ಜೆಯೂ ಇಲ್ಲ. ಪಟ್ಟಿಗೆ ಸೇರಿಸುವವರು ನಿಮ್ಮ ಪಂಚಾಯಿತಿ ಅಥವಾ ನಗರಸಭೆಯವರು. ಅವರ ಮುಂದೆ ಕಾಗದ ಇಡುವುದು ನಿಮ್ಮ ಕೆಲಸ.

ನೀವು ಮಾಡಬೇಕಾದದ್ದು

ಅನುಮಾನ ಬಂದ ದಿನವೇ ಆ ನೀರನ್ನು ಕುಡಿಯಲು, ಅಡುಗೆಗೆ ಬಳಸುವುದನ್ನು ನಿಲ್ಲಿಸಿ. ಕುದಿಸಿದರೆ ರೋಗಾಣು ಸಾಯುತ್ತದೆ, ಲೋಹ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಲೋಹದ ಸಾಂದ್ರತೆ ಹೆಚ್ಚುತ್ತದೆ. ಪೆಟ್ರೋಲ್ ವಾಸನೆ ಇದ್ದರೆ ಕಾಯಿಸಲೇಬೇಡಿ, ಆವಿ ಅಪಾಯಕಾರಿ.

ಆಮೇಲೆ ಪರೀಕ್ಷೆ ಮಾಡಿಸಿ. ಗ್ರಾಮ ಪಂಚಾಯಿತಿಯಲ್ಲಿರುವ ಕಿಟ್‌ನಿಂದ ಫ್ಲೋರೈಡ್, ನೈಟ್ರೇಟ್‌ನಂಥ ಕೆಲವನ್ನಷ್ಟೇ ನೋಡಬಹುದು. ಕ್ರೋಮಿಯಂ, ಸೀಸ, ದ್ರಾವಕಗಳಿಗೆ ಪ್ರಯೋಗಾಲಯವೇ ಬೇಕು. ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಜಿಲ್ಲಾ ಪ್ರಯೋಗಾಲಯದಲ್ಲಿ ಯಾವ ಪರೀಕ್ಷೆ ಇದೆ ಎಂದು ಮೊದಲು ವಿಚಾರಿಸಿ. ಅಲ್ಲಿ ಇಲ್ಲದ್ದಕ್ಕೆ ಎನ್‌ಎಬಿಎಲ್ ಮಾನ್ಯತೆ ಇರುವ ಖಾಸಗಿ ಪ್ರಯೋಗಾಲಯಕ್ಕೆ ಹೋಗಿ. ಎನ್‌ಎಬಿಎಲ್ ಎಂದರೆ ಪ್ರಯೋಗಾಲಯಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ.

ಮಾದರಿ ತೆಗೆಯುವ ಕ್ರಮ ಸರಿ ಇರಲಿ. ಪಂಪನ್ನು ಐದರಿಂದ ಹತ್ತು ನಿಮಿಷ ಓಡಿಸಿ, ಪೈಪಿನಲ್ಲಿ ನಿಂತ ಹಳೆಯ ನೀರು ಹೋಗಲಿ. ಓವರ್‌ಹೆಡ್ ಟ್ಯಾಂಕಿನಿಂದ ಹಿಡಿಯಬೇಡಿ, ಬೋರಿನ ಬಾಯಿಂದಲೇ ಹಿಡಿಯಿರಿ. ಜ್ಯೂಸ್, ಸೋಡಾ ಬಾಟಲಿ ಬೇಡ. ಪ್ರಯೋಗಾಲಯದವರೇ ಬಾಟಲಿ ಕೊಡುತ್ತಾರೆ. ಲೋಹದ ಪರೀಕ್ಷೆಯ ಬಾಟಲಿಯಲ್ಲಿ ಕೆಲವೊಮ್ಮೆ ಮೊದಲೇ ಸ್ವಲ್ಪ ಆಸಿಡ್ ಹಾಕಿರುತ್ತಾರೆ. ಅದನ್ನು ತೊಳೆಯಬೇಡಿ. ಪೆಟ್ರೋಲ್ ಮತ್ತು ದ್ರಾವಕದ ಪರೀಕ್ಷೆಗೆ ಗಾಜಿನ ಬಾಟಲಿ, ಒಳಗೆ ಗಾಳಿಯ ಗುಳ್ಳೆ ಉಳಿಯದಂತೆ ತುಂಬಬೇಕು. ಐಸ್ ಪೆಟ್ಟಿಗೆಯಲ್ಲಿಟ್ಟು ಅದೇ ದಿನ ತಲುಪಿಸಿ. ಹೆಕ್ಸಾವೇಲೆಂಟ್ ಕ್ರೋಮಿಯಂ ಪರೀಕ್ಷೆಗೆ 24 ಗಂಟೆ ಮೀರಬಾರದು. ಬಾಟಲಿಯ ಮೇಲೆ ದಿನಾಂಕ, ಸಮಯ, ಸರ್ವೆ ನಂಬರ್ ಬರೆದು, ಹಿಡಿಯುವಾಗಲೇ ಒಂದು ಫೋಟೊ ತೆಗೆದಿಟ್ಟುಕೊಳ್ಳಿ.

ವರದಿ ಬಂದಾಗ ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಜೊತೆ ಹೋಲಿಸಿ. ಒಂದು ಲೀಟರ್ ನೀರಿನಲ್ಲಿ ಒಟ್ಟು ಕ್ರೋಮಿಯಂ 0.05 ಮಿಲಿಗ್ರಾಂ, ಸೀಸ 0.01 ಮಿಲಿಗ್ರಾಂ, ನೈಟ್ರೇಟ್ 45 ಮಿಲಿಗ್ರಾಂ ಮೀರಬಾರದು.

ಒಂದು ಮಾತು ನೆನಪಿರಲಿ. ನೀವು ಮಾಡಿಸಿದ ಪರೀಕ್ಷೆ ದೂರಿಗೆ ಬಲ ಕೊಡುತ್ತದೆ. ಕಾರ್ಖಾನೆಯ ಮೇಲೆ ಕಾನೂನು ಕ್ರಮಕ್ಕೆ ಬೇಕಾದ ಮಾದರಿಯನ್ನು ಮಂಡಳಿಯ ಅಧಿಕಾರಿಯೇ ತೆಗೆಯಬೇಕು. ಜಲ ಕಾಯ್ದೆಯ ಪ್ರಕಾರ ಕಾರ್ಖಾನೆಯವರಿಗೆ ತಿಳಿಸಿ, ಮಾದರಿಯನ್ನು ಎರಡು ಪಾಲು ಮಾಡಿ, ಮೊಹರು ಹಾಕಿ, ಸಹಿ ಮಾಡಬೇಕು. ಅಧಿಕಾರಿ ಬಂದಾಗ ಊರಿನವರೂ ಅಲ್ಲಿರಲಿ. ಮಹಜರು ಬರೆದರೆ ಅದರ ಪ್ರತಿ ಕೇಳಿ.

ಇನ್ನು ಅರ್ಜಿ. ಹಳ್ಳಿಯಾದರೆ ಪಿಡಿಒ ಅವರಿಗೆ, ಪಟ್ಟಣವಾದರೆ ಮುಖ್ಯಾಧಿಕಾರಿ ಅಥವಾ ಪೌರಾಯುಕ್ತರಿಗೆ ಬರೆಯಿರಿ. ಪ್ರತಿಗಳು ಜಿಲ್ಲಾಧಿಕಾರಿಗೆ ಮತ್ತು ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಹೋಗಲಿ. ‘2025ರ ಕಲುಷಿತ ಸ್ಥಳಗಳ ನಿರ್ವಹಣೆ ನಿಯಮಗಳ ಪ್ರಕಾರ ಈ ಜಾಗವನ್ನು ಶಂಕಿತ ಕಲುಷಿತ ಸ್ಥಳಗಳ ಪಟ್ಟಿಗೆ ಸೇರಿಸಬೇಕು’ ಎಂಬ ಸಾಲು ಅರ್ಜಿಯಲ್ಲಿ ಇರಲೇಬೇಕು. ಬರೀ ‘ನೀರು ಕೆಟ್ಟಿದೆ, ಕ್ರಮ ಕೈಗೊಳ್ಳಿ’ ಎಂದು ಬರೆದರೆ ಕಡತ ಕುಡಿಯುವ ನೀರಿನ ಶಾಖೆಗೆ ಹೋಗಿ, ಒಂದು ಟ್ಯಾಂಕರ್ ಕಳಿಸಿ ಮುಗಿಸಿಬಿಡಬಹುದು. ಸರ್ವೆ ನಂಬರ್, ಕೆಟ್ಟ ಬೋರ್‌ಗಳನ್ನು ಗುರುತಿಸಿದ ಕೈನಕ್ಷೆ, ಯಾವಾಗಿಂದ ಬದಲಾವಣೆ ಕಂಡಿತು, ಪಕ್ಕದಲ್ಲಿ ಹಿಂದೆ ಯಾವ ಕಾರ್ಖಾನೆ ಇತ್ತು, ಪರೀಕ್ಷಾ ವರದಿ, ಇವೆಲ್ಲ ಜೊತೆಗಿರಲಿ. ಟಪಾಲಿನಲ್ಲಿ ಕೊಟ್ಟು ಮೊಹರು ಹಾಕಿದ ಸ್ವೀಕೃತಿ ಪ್ರತಿ ತೆಗೆದುಕೊಳ್ಳಿ. ಗ್ರಾಮಸಭೆಯಲ್ಲಿ ವಿಷಯ ಎತ್ತಿ ನಡಾವಳಿಯಲ್ಲಿ ಬರೆಸಿ. ಹಳೆಯ ಕೆಲಸಗಾರರಿಗೆ, ಹಿರಿಯರಿಗೆ ಯಾವ ಮೂಲೆಯಲ್ಲಿ ಏನು ಹೂತಿದ್ದರು ಎಂಬುದು ನೆನಪಿರುತ್ತದೆ. ಅದನ್ನೂ ಬರೆದಿಡಿ. ತಪಾಸಣೆಗೆ ಬಂದವರಿಗೆ ಎಲ್ಲಿ ಅಗೆಯಬೇಕೆಂದು ತಿಳಿಯುವುದು ಇದರಿಂದಲೇ.

ಶುದ್ಧ ಮಾಡುವುದು ಹೇಗೆ?

ಮೊದಲು ಸೋರಿಕೆ ನಿಲ್ಲಬೇಕು. ಮೂಲ ಮುಚ್ಚದೆ ನೀರು ತೊಳೆದು ಪ್ರಯೋಜನವಿಲ್ಲ.

ಮಣ್ಣು ಹೆಚ್ಚು ಆಳಕ್ಕೆ ಕೆಟ್ಟಿಲ್ಲದಿದ್ದರೆ ಅಗೆದು ತೆಗೆದು, ಅಪಾಯಕಾರಿ ತ್ಯಾಜ್ಯದ ಸುರಕ್ಷಿತ ಭೂಭರ್ತಿ ಜಾಗಕ್ಕೆ ಸಾಗಿಸುತ್ತಾರೆ. ಕರ್ನಾಟಕದಲ್ಲಿ ಇಂಥ ವ್ಯವಸ್ಥೆ ಡಾಬಸ್‌ಪೇಟೆಯಲ್ಲಿದೆ. ಎಣ್ಣೆ ಬಿದ್ದ ಮಣ್ಣಾದರೆ ಎಣ್ಣೆ ತಿನ್ನುವ ಬ್ಯಾಕ್ಟೀರಿಯಾ ಬೆರೆಸಿ ಶುದ್ಧ ಮಾಡಬಹುದು. ಟೆರಿ ಎಂಬ ಸಂಶೋಧನಾ ಸಂಸ್ಥೆ ರೂಪಿಸಿದ ‘ಆಯಿಲ್‌ಝ್ಯಾಪರ್’ ಇಂಥದ್ದು. ಮಣ್ಣನ್ನು ತೆಗೆಯಲಾಗದ ಕಡೆ ಮೇಲೆ ಜೇಡಿ, ಪ್ಲಾಸ್ಟಿಕ್ ಹಾಳೆ ಹಾಸಿ ಮಳೆ ನೀರು ಇಳಿಯದಂತೆ ಮುಚ್ಚುತ್ತಾರೆ. ವಿಷ ಅಲ್ಲೇ ಇರುತ್ತದೆ, ಹರಡುವುದು ಮಾತ್ರ ನಿಲ್ಲುತ್ತದೆ.

ಅಂತರ್ಜಲಕ್ಕೆ ಹಳೆಯ ವಿಧಾನ ‘ಪಂಪ್ ಆ್ಯಂಡ್ ಟ್ರೀಟ್’. ಕೆಟ್ಟ ನೀರನ್ನು ಮೇಲೆತ್ತಿ ಸಂಸ್ಕರಿಸುವುದು. ಕ್ರೋಮಿಯಂ ಇದ್ದರೆ ಫೆರಸ್ ಸಲ್ಫೇಟ್‌ನಂಥ ಕಬ್ಬಿಣದ ಲವಣ ಬಳಸಿ, ಕರಗುವ ವಿಷರೂಪವನ್ನು ಅಷ್ಟಾಗಿ ಕರಗದ, ಕಡಿಮೆ ಅಪಾಯದ ರೂಪಕ್ಕೆ ತಿರುಗಿಸುತ್ತಾರೆ. ಪೆಟ್ರೋಲ್ ಆದರೆ ಮಣ್ಣಿನಿಂದ ಆವಿಯನ್ನು ಎಳೆದು ತೆಗೆಯುತ್ತಾರೆ. ಯಾವುದೂ ಒಂದೆರಡು ತಿಂಗಳ ಕೆಲಸವಲ್ಲ. ಅಂತರ್ಜಲ ಶುದ್ಧವಾಗಲು ಹಲವು ವರ್ಷ ಬೇಕು. ಮುಗಿದ ಮೇಲೂ ಕಾವಲು ಬೋರ್‌ಗಳಲ್ಲಿ ಪರೀಕ್ಷೆ ಮುಂದುವರಿಯಬೇಕು.

ಖರ್ಚು ಯಾರದು?

ಕೆಡಿಸಿದವರೇ ತೆರಬೇಕು. ಇದೇ ನಿಯಮದ ಬೆನ್ನೆಲುಬು. ಕೆಡಿಸಿದವರು ಸಿಗದಿದ್ದರೆ, ಅಥವಾ ಅವರಿಗೆ ಕೊಡುವ ಶಕ್ತಿ ಇಲ್ಲದಿದ್ದರೆ, ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ವೆಚ್ಚ ಹೊಂದಿಸುತ್ತವೆ. ಮಾಲಿನ್ಯದಿಂದ ಜೀವಹಾನಿ ಆಗಿದೆಯೆಂದು ಸಾಬೀತಾದರೆ ಭಾರತೀಯ ನ್ಯಾಯ ಸಂಹಿತೆಯಡಿ ಕ್ರಿಮಿನಲ್ ಹೊಣೆಯೂ ಇದೆ.

ಈ ತತ್ವ ನಮ್ಮ ದೇಶದಲ್ಲಿ ಗಟ್ಟಿಯಾಗಿ ನೆಲೆಯೂರಿದ್ದು ರಾಜಸ್ಥಾನದ ಉದಯಪುರ ಜಿಲ್ಲೆಯ ಬಿಛ್ರಿ ಎಂಬ ಹಳ್ಳಿಯಿಂದ. 1980ರ ದಶಕದ ಕೊನೆಯಲ್ಲಿ ಅಲ್ಲಿ ಬಣ್ಣದ ಉದ್ಯಮಕ್ಕೆ ಬೇಕಾದ ಎಚ್-ಆಸಿಡ್ ತಯಾರಿಸಿದರು. ತಯಾರಾದದ್ದು ಸುಮಾರು 375 ಟನ್. ಅದರ ಜೊತೆ ಹುಟ್ಟಿದ ವಿಷ ಕೆಸರು ಸುಮಾರು 2,500 ಟನ್. ಅದು ಬಯಲಿನಲ್ಲಿ ಬಿದ್ದು, ಮಳೆಗೆ ಇಳಿದು, ಹಳ್ಳಿಯ ಬಾವಿಗಳ ನೀರು ಬಳಸಲಾಗದಂತೆ ಕಪ್ಪಾಯಿತು. 1996ರಲ್ಲಿ ಸುಪ್ರೀಂ ಕೋರ್ಟ್ ಕೆಡಿಸಿದ ಕಂಪನಿಗಳೇ ಶುದ್ಧೀಕರಣದ ವೆಚ್ಚ ಕೊಡಬೇಕೆಂದು ತೀರ್ಪು ಕೊಟ್ಟಿತು. ಲೆಕ್ಕ ಹಾಕಿದ ಮೊತ್ತ 37.385 ಕೋಟಿ ರೂಪಾಯಿ. ಕಂಪನಿಗಳು ಅರ್ಜಿಯ ಮೇಲೆ ಅರ್ಜಿ ಹಾಕಿ ಎಳೆದವು. 2011ರಲ್ಲಿ ನ್ಯಾಯಾಲಯ ಶೇ. 12ರ ಚಕ್ರಬಡ್ಡಿ ಸೇರಿಸಿ ಕಟ್ಟುವಂತೆ ಆದೇಶಿಸಿತು. ಗೆದ್ದ ತೀರ್ಪಿಗೂ ಹಣ ಬರಲು ಇಷ್ಟು ವರ್ಷ ಹಿಡಿಯಿತಲ್ಲ! ಅದಕ್ಕೇ ದಾಖಲೆ ಮೊದಲ ದಿನದಿಂದಲೇ ಗಟ್ಟಿಯಾಗಿರಬೇಕು.

ನಿಮ್ಮ ಕೈಯಿಂದ ಆಗುವ ಖರ್ಚು ಮುಖ್ಯವಾಗಿ ಪರೀಕ್ಷೆಯದು. ಹತ್ತು ಮನೆಯವರು ಸೇರಿ, ಹೆಚ್ಚು ಅನುಮಾನ ಇರುವ ಎರಡು ಮೂರು ಬೋರ್‌ಗಳನ್ನು ಆಯ್ದು ಮಾಡಿಸಿದರೆ ಭಾರ ಹಂಚಿಹೋಗುತ್ತದೆ. ಏನನ್ನು ಹುಡುಕಬೇಕೆಂದು ತಿಳಿದುಕೊಂಡು ಹೋಗಿ. ಎಲೆಕ್ಟ್ರೋಪ್ಲೇಟಿಂಗ್ ಇದ್ದರೆ ಕ್ರೋಮಿಯಂ, ನಿಕಲ್. ಹಳೆ ಬ್ಯಾಟರಿ ಕರಗಿಸುವ ಜಾಗವಿದ್ದರೆ ಸೀಸ. ಎಲ್ಲವನ್ನೂ ಪರೀಕ್ಷಿಸಲು ಹೋದರೆ ದುಡ್ಡು ದಂಡ.

ಸಾಮಾನ್ಯ ಸಂದೇಹಗಳು

*ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾಯಿತು, ಈಗ ದೂರು ಕೊಡಬಹುದೇ?* ಕೊಡಬಹುದು. ಈ ನಿಯಮ ಬಂದಿರುವುದೇ ಹಳೆಯ ಮಾಲಿನ್ಯಕ್ಕಾಗಿ.

*ಪೆಟ್ರೋಲ್ ಬಂಕ್‌ನಿಂದ ಸೋರಿದರೆ?* ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರ ಜನವರಿಯಲ್ಲಿ ಬಂಕ್‌ಗಳಿಗೆ ಪ್ರತ್ಯೇಕ ಮಾರ್ಗಸೂಚಿ ಕೊಟ್ಟಿದೆ. 165 ಲೀಟರ್ ಮೀರಿ ಸೋರಿದರೆ ವರದಿ ಮಾಡಲೇಬೇಕು. ಮಣ್ಣು, ಅಂತರ್ಜಲ ಶುದ್ಧ ಮಾಡಿಸುವ ಹೊಣೆ ತೈಲ ಕಂಪನಿಯದು.

*ಇನ್ನೂ ಆಳಕ್ಕೆ ಬೋರ್ ಕೊರೆಸಿದರೆ ಒಳ್ಳೆಯ ನೀರು ಸಿಗುವುದಿಲ್ಲವೇ?* ಸಿಗಬಹುದು. ಆದರೆ ಮೇಲಿನ ಕೆಟ್ಟ ಪದರಕ್ಕೆ ಸರಿಯಾಗಿ ಕೇಸಿಂಗ್ ಪೈಪ್ ಇಳಿಸಿ ಮುಚ್ಚದಿದ್ದರೆ, ಅದೇ ಬೋರ್ ವಿಷವನ್ನು ಕೆಳಗಿನ ಶುದ್ಧ ನೀರಿಗೆ ಇಳಿಸುವ ದಾರಿಯಾಗುತ್ತದೆ. ತಪಾಸಣೆ ಮುಗಿಯುವ ಮುನ್ನ ಕೊರೆಸಬೇಡಿ.

*ಬಡವರು ಕೋರ್ಟಿಗೆ ಹೋಗುವುದು ಹೇಗೆ?* ಪರಿಸರದ ವ್ಯಾಜ್ಯಕ್ಕೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇದೆ. ಕರ್ನಾಟಕಕ್ಕೆ ಅದರ ಚೆನ್ನೈ ಪೀಠ. ಪರಿಹಾರದ ಹಣ ಕೇಳದಿದ್ದರೆ ಅರ್ಜಿ ಶುಲ್ಕ 1,000 ರೂಪಾಯಿ. ಹಣ ಕೇಳಿದರೆ ಆ ಮೊತ್ತದ ಶೇ. 1, ಕನಿಷ್ಠ 1,000. ಸಾಮಾನ್ಯ ಅರ್ಜಿಗೆ ಆರು ತಿಂಗಳ ಕಾಲಮಿತಿ, ಪರಿಹಾರ ಮತ್ತು ಪರಿಸರ ಪುನಃಸ್ಥಾಪನೆಯ ಅರ್ಜಿಗೆ ಐದು ವರ್ಷ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರ ನೆರವು ಸಿಗುತ್ತದೆ.

ಎಲ್ಲಿಗೆ ಹೋಗಬೇಕು?

ಮೊದಲು ಪಂಚಾಯಿತಿ ಅಥವಾ ನಗರಸಭೆ. ಆಮೇಲೆ ಜಿಲ್ಲೆಯಲ್ಲಿರುವ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿ. ಮಂಡಳಿಯ ಕೇಂದ್ರ ಕಚೇರಿ ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನ ಪರಿಸರ ಭವನದಲ್ಲಿದೆ. ಎರಡು ತಿಂಗಳಾದರೂ ಉತ್ತರ ಬರದಿದ್ದರೆ ಪಂಚಾಯಿತಿ ಅಥವಾ ನಗರಸಭೆಗೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಎರಡು ಪ್ರಶ್ನೆ ಸಾಕು: ನಮ್ಮ ಜಾಗವನ್ನು ಶಂಕಿತ ಸ್ಥಳಗಳ ಪಟ್ಟಿಗೆ ಸೇರಿಸಿದ್ದೀರಾ? ಆ ಪಟ್ಟಿಯನ್ನು ಮಂಡಳಿಗೆ ಯಾವ ದಿನ ಕಳಿಸಿದಿರಿ? 30 ದಿನಗಳೊಳಗೆ ಉತ್ತರ ಕೊಡಬೇಕು. ಎರಡನೆಯ ಪ್ರಶ್ನೆಗೆ ಬರುವ ದಿನಾಂಕದ ಆಧಾರದ ಮೇಲೆ ಮಂಡಳಿಯ 90 ದಿನಗಳನ್ನು ನೀವೇ ಎಣಿಸಬಹುದು. ಆ ದಿನ ಮೀರಿದರೆ ಹಸಿರು ನ್ಯಾಯಮಂಡಳಿಯ ಮುಂದೆ ಇಡಲು ನಿಮ್ಮ ಕೈಯಲ್ಲಿ ಸರ್ಕಾರವೇ ಕೊಟ್ಟ ದಾಖಲೆ ಇರುತ್ತದೆ.